ಒಂದಿಂಚೋ, ಒಂದೂಕಾಲೋ

ಭಾನುವಾರ, ಮಧ್ಯಾಹ್ನ

ಟಗ್ಗಿನ ಯಜಮಾನರಿಗೆ,

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ, ದೋಣಿಯೊಂದನ್ನು ಬಿಟ್ಟು. ಇದು ಶಾಫ್ಟಿನ ವಿಷಯಕ್ಕೆ ಬರೆಯುತ್ತಿರುವ ಕಾಗದ. ಬೇರೆ ಏನಾದರೂ ಇರಬಹುದೇ ಎಂದು ಲಕೋಟೆ ಹರಿಯುವಾಗ ನಿಮಗೆ ಅಳುಕಿದ್ದರೆ, ಇಲ್ಲ, ನಿಶ್ಚಿಂತೆಯಿಂದ ಓದಿ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವು ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಉತ್ತರ ಕೊಟ್ಟುಬಿಡುತ್ತೇವೆ. ಅಳತೆಯ ವಿಷಯದಲ್ಲಿ ಅದು ನಡೆಯುವುದಿಲ್ಲ. ಕಾಗದವಾದರೆ ನೀವು ಕೊನೆಯವರೆಗೆ ಕಾಯಲೇಬೇಕು.

ಹೋದ ವಾರ ಅತ್ತೆ ಹಡಗು ಎಳೆಯುವ ನಿಮ್ಮ ಟಗ್ಗಿಗೇ ಫೋನ್ ಮಾಡಿ ಶಾಫ್ಟು ಮುರಿದ ಸುದ್ದಿ ಹೇಳಿದರಲ್ಲ. ನೀವು, "ಹಳೇದನ್ನ ತಗೊಂಡ್ಹೋಗಿ ಲೇತಿನವರ ಮುಂದೆ ಇಡ್ಲಿ, ಅದೇ ಅಳತೆಗೆ ಇನ್ನೊಂದು ಮಾಡ್ಕೊಡ್ತಾರೆ, ಇದರಲ್ಲೇನಿದೆ" ಅಂದಿರಂತೆ. ಇದರಲ್ಲಿ ಏನಿದೆ ಎಂದು ಹೇಳುವುದಕ್ಕೇ ಕೂತಿದ್ದೇನೆ. ದೋಣಿಯನ್ನು ದಡದಿಂದ ತೆಗೆದವರು ಯಾರು ಎಂದೂ ಕೇಳಿದಿರಂತೆ. ಅದಕ್ಕೆ ಅತ್ತೆ, "ಯಾರೋ ತೆಗೆದ್ರಪ್ಪ, ನಾನೇನು ಕಾವಲು ಕೂತಿದ್ನಾ" ಅಂದದ್ದು ನನಗೆ ಅಡುಗೆಮನೆಗೇ ಕೇಳಿಸಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಇರುವ ಪ್ರಶ್ನೆ ಇಷ್ಟು. ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ಹೋಗುವ ಹೊಸ ಶಾಫ್ಟು ಒಂದಿಂಚಿನ ಸರಳಾಗಬೇಕೋ, ಒಂದೂಕಾಲು ಇಂಚಿನದೋ. ಒಂದಿಂಚಾದರೆ ಶೆಡ್ಡಿನಲ್ಲಿ ಗೋಣಿ ಹೊದ್ದು ಮಲಗಿರುವ ಹಳೆಯ ಇಪ್ಪತ್ತು ಕುದುರೆಶಕ್ತಿಯ ಎಂಜಿನ್ ಮತ್ತೆ ದೋಣಿಗೆ ಹತ್ತಬೇಕು. ಒಂದೂಕಾಲಾದರೆ ನೀವು ಕೂರಿಸಿ ಹೋದ ಐವತ್ತು ಕುದುರೆಯದು ಅಲ್ಲೇ ಇರಬಹುದು. ಹಳೆಯದನ್ನು ನಾನೊಬ್ಬಳೇ ನಡೆಸಬಲ್ಲೆ. ನಿಮ್ಮದನ್ನು ನಡೆಸಲಾರೆ, ಅದನ್ನು ಎಷ್ಟು ತಗ್ಗಿಸಿದರೂ ದೋಣಿ ಜೆಟ್ಟಿಯ ಮೇಲೆ ಏರಿ ಹೋಗುವ ಹಾಗೆ ನುಗ್ಗುತ್ತದೆ, ಗೇರು ಹಾಕಿ ಬಿಟ್ಟು, ಹಾಕಿ ಬಿಟ್ಟು ಅದನ್ನು ಓಲೈಸಿ ದಡಕ್ಕೆ ತರುವ ಕೈ ನಿಮ್ಮದು ಮಾತ್ರ. ಹಾಗಾಗಿ ಶಾಫ್ಟು ಎಷ್ಟು ದಪ್ಪ ಎಂದು ಕೇಳಿದರೆ ಇನ್ನೊಂದನ್ನೂ ಕೇಳಿದಂತಾಗುತ್ತದೆ. ಅದು ನನ್ನ ತಪ್ಪಲ್ಲ, ಉಕ್ಕಿನ ಸ್ವಭಾವ. ತಿಂಗಳ ಕೊನೆಯೊಳಗೆ ದೋಣಿ ಮತ್ತೆ ಜನರನ್ನು ನದಿ ದಾಟಿಸಲು ಶುರುಮಾಡದಿದ್ದರೆ ಈ ಕಡವಿನ ಪರವಾನಗಿ ಬೇರೆಯವರಿಗೆ ಹೋಗುತ್ತದೆಂದು ಬಂದರು ಕಚೇರಿಯವರು ಹೇಳಿದ್ದಾರೆ. ಆದ್ದರಿಂದ ಇದನ್ನು ಮುಂದೂಡುವ ಹಾಗೂ ಇಲ್ಲ.

ಈಗ ಮುಂದೆ ಬರೆಯುವುದರಲ್ಲಿ ಹೆಚ್ಚಿನದು ನಿಮಗೆ ಗೊತ್ತಿರುವುದೇ. ನನಗೆ ಗೊತ್ತಾಗಿದೆ ಎಂಬುದು ನಿಮಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ದೋಣಿ ರಿಪೇರಿ ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಕೂತಿದೆ. ಮೇಸ್ತ್ರಿ ಅದೇ ನಮ್ಮ ಹೌದಪ್ಪ. ಶಾಫ್ಟನ್ನು ಹೊರಗೆ ಎಳೆಯಲು ಚುಕ್ಕಾಣಿ ಬಿಚ್ಚಬೇಕಾ ಎಂದು ಕೇಳಿದೆ. "ಹೌದಪ್ಪ" ಅಂದರು. ಬಿಚ್ಚದೆ ಆಗುವುದಿಲ್ಲವಾ ಎಂದೆ. "ಹೌದಪ್ಪ, ಆಗುತ್ತೆ" ಅಂದರು. ಅತ್ತೆ ಅಂಗಳದ ನಡುವೆ ಕುರ್ಚಿ ಹಾಕಿಸಿಕೊಂಡು, ಕೊಡೆ ಹಿಡಿದು ಕೂತಿದ್ದರು. "ಇವರ ಮದುವೆಯಲ್ಲೂ ಹೀಗೇ ಹೌದಪ್ಪ ಅಂದಿರ್ಬೇಕು, ಏನು ಕೇಳಿದ್ರು ಅಂತ ಇನ್ನೂ ಗೊತ್ತಾಗಿರಲ್ಲ" ಅಂದರು. ಮೇಸ್ತ್ರಿ ನಕ್ಕು, ಹೌದಪ್ಪ ಅಂದರು. ಕೊನೆಗೆ ಚುಕ್ಕಾಣಿಯನ್ನು ಬಿಚ್ಚಿಯೇ ತೆಗೆದೆವು.

ಪ್ರೊಪೆಲ್ಲರ್ ಬಿಚ್ಚಿದಾಗ ಅದರ ತೂತಿಗೂ ಶಾಫ್ಟಿನ ಮೊನಚಿಗೂ ನಡುವೆ ಒಂದು ತಗಡಿನ ಸುರುಳಿ ಸಿಕ್ಕಿತು. ಎಣ್ಣೆ ಡಬ್ಬಿಯಿಂದ ಕತ್ತರಿಸಿದ್ದು. ಹಳದಿ ಬಣ್ಣ ಇನ್ನೂ ಹಾಗೇ ಇತ್ತು. ಹೊಸ ಎಂಜಿನ್ನಿನ ಜೊತೆ ತಂದ ಪ್ರೊಪೆಲ್ಲರಿನ ತೂತು ಕಿರಿದಾಗುತ್ತಾ ಹೋಗುವ ಇಳಿಜಾರು ಬೇರೆ, ಶಾಫ್ಟಿನ ತುದಿ ಸಣ್ಣದಾಗುವ ಇಳಿಜಾರು ಬೇರೆ. ಅದು ಕೂರದಿದ್ದಾಗ ನೀವು ತಗಡು ಸುತ್ತಿ ಕೂರಿಸಿದ್ದೀರಿ. "ಕಚ್ಚಿಕೊಂಡು ಕೂತಿದೆ, ಇನ್ನು ಅಲ್ಲಾಡಲ್ಲ" ಎಂದು ಕೈ ಒರೆಸಿಕೊಳ್ಳುತ್ತಾ ಬಂದದ್ದು ನೆನಪಿದೆ. ತಗಡನ್ನು ನಾನು ಅತ್ತೆಗೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಚಿಕ್ಕವನಿದ್ದಾಗ್ಲೂ ಇಷ್ಟೇ. ಮೇಜಿನ ಕಾಲು ಅಲ್ಲಾಡಿದ್ರೆ ಕಾಗದ ಮಡಚಿ ಇಡೋನು. ಆ ಮೇಜು ಈಗ್ಲೂ ಕಾಗದದ ಮೇಲೇ ನಿಂತಿದೆ" ಅಂದರು. ಅದು ಬೈಗುಳವೋ ಹೊಗಳಿಕೆಯೋ ಅವರ ಮುಖ ನೋಡಿದರೆ ಗೊತ್ತಾಗಲಿಲ್ಲ.

ಮುರಿದ ತುಂಡುಗಳನ್ನು ಕೈಗಾಡಿಯಲ್ಲಿ ಹಾಕಿಸಿಕೊಂಡು ಲೇತ್ ಅಂಗಡಿಗೆ ಹೋದೆ. ನೀವು ಹೋದ ಮೇಲೆ ಅಲ್ಲಿನ ಮುದುಕರು ಕೆಲಸ ಬಿಟ್ಟು, ಈಗ ಅವರ ಮಗಳು ನಡೆಸುತ್ತಿದ್ದಾರೆ. ಎಲ್ಲದಕ್ಕೂ ಕೂದಲೆಳೆಯ ಲೆಕ್ಕ ಹೇಳುವುದರಿಂದ ರಸ್ತೆಯವರೆಲ್ಲ ಕೂದಲೆಳೆ ಅಕ್ಕ ಎಂದೇ ಕರೆಯುವುದು. ನನಗಿಂತ ಚಿಕ್ಕವರು, ಆದರೂ ಅಕ್ಕನೇ. ಅಂಗಡಿಯೊಳಗೆ ಕಬ್ಬಿಣದ ಸಿಪ್ಪೆಯ ಸುರುಳಿಗಳು ಚಪ್ಪಲಿಗೆ ಅಂಟುತ್ತವೆ, ಗೋಡೆಯ ಮೇಲೆ ಯಾವುದೋ ವರ್ಷದ ಕ್ಯಾಲೆಂಡರ್, ಮೂಲೆಯಲ್ಲಿ ರೇಡಿಯೋ ಯಾರೂ ಕೇಳದಿದ್ದರೂ ಹಾಡುತ್ತಿರುತ್ತದೆ.

ನಾನು ಅಳತೆ ಬರೆದುಕೊಂಡೇ ಹೋಗಿದ್ದೆ. ಕ್ಯಾಲಿಪರ್ ಹಿಡಿದು ಶಾಫ್ಟು ಬೇರಿಂಗಿನಲ್ಲಿ ತಿರುಗುವ ಜಾಗವನ್ನು ಅಳೆದಿದ್ದೆ, ಮುಖ್ಯವಾದ ಜಾಗ ಅದೇ ತಾನೇ ಎಂದು. ಅಕ್ಕ ಚೀಟಿ ನೋಡಿ, "ಸವೆದ ಜಾಗ ಅಳೆದಿದ್ದೀರಲ್ಲ ಮೇಡಂ. ಸವೆದದ್ದರ ಅಳತೆಗೇ ಹೊಸದು ಮಾಡಿದ್ರೆ ಅದು ಹುಟ್ಟುತ್ತಲೇ ಮುದುಕ" ಅಂದರು. ಸವೆಯದ ಜಾಗ ಯಾವುದು ಎಂದು ಇಬ್ಬರೂ ಹುಡುಕಿದೆವು. ಬೇರಿಂಗಿಗೂ ನೀರು ತಡೆಯುವ ಗ್ಲ್ಯಾಂಡಿಗೂ ನಡುವೆ, ಯಾವುದೂ ಮುಟ್ಟದ ಗೇಣುದ್ದದ ಜಾಗದಲ್ಲಿ ಸರಿಯಾಗಿ ಒಂದಿಂಚು ಸಿಕ್ಕಿತು. ಅಂದರೆ ನೀವು ಐವತ್ತು ಕುದುರೆಗಳನ್ನು ಇಪ್ಪತ್ತು ಕುದುರೆಯ ಹಗ್ಗಕ್ಕೇ ಕಟ್ಟಿ ಹೋಗಿದ್ದಿರಿ. ದಪ್ಪ ಶಾಫ್ಟು ಹಾಕಬೇಕಾದರೆ ದೋಣಿಯ ತಳದಲ್ಲಿ ಅದು ಹಾಯುವ ಕೊಳವೆ ಬಿಚ್ಚಿ ದೊಡ್ಡದು ಮಾಡಬೇಕಿತ್ತು, ಸೀಸನ್ ಶುರುವಾಗಿಬಿಟ್ಟಿತ್ತು, ನಿಮಗೆ ಅವಸರವಿತ್ತು. ಅದನ್ನು ನಾನು ಆಗಲೂ ನೋಡಿದ್ದೆ, ಆದರೆ ಏನನ್ನು ನೋಡುತ್ತಿದ್ದೇನೆಂದು ಆಗ ಗೊತ್ತಿರಲಿಲ್ಲ.

ಇಷ್ಟರಲ್ಲಿ ಅಕ್ಕನೂ ಒಂದು ಕಡೆ ಎಡವಿದರು. ಶೆಡ್ಡಿನಲ್ಲಿದ್ದ ಹಳೆಯ ಪ್ರೊಪೆಲ್ಲರನ್ನೂ ನಾನು ತಂದಿದ್ದೆ. ಅದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು, ಕಣ್ಣು ಕಿರಿದು ಮಾಡಿ, "ಎರಡೂ ಒಂದೇ ಇಳಿಜಾರು, ಯಾವ್ದು ಹಾಕಿದ್ರೂ ಕೂರುತ್ತೆ" ಅಂದುಬಿಟ್ಟರು. ತಗಡನ್ನು ಕಣ್ಣಾರೆ ಕಂಡಿದ್ದ ನಾನು ಒಪ್ಪಲಿಲ್ಲ. ಶಾಫ್ಟಿನ ಮೊನಚಿಗೆ ನೀಲಿ ಶಾಯಿ ತೆಳ್ಳಗೆ ಸವರಿ, ಹೊಸ ಪ್ರೊಪೆಲ್ಲರ್ ಕೂರಿಸಿ, ಸ್ವಲ್ಪ ತಿರುಗಿಸಿ ತೆಗೆದೆವು. ಎರಡೂ ತಾಗಿದ್ದ ಒಂದು ಕಡೆ, ಉಂಗುರದಷ್ಟು ಮಾತ್ರ, ಶಾಯಿ ಅಳಿಸಿತ್ತು. ಹಳೆಯದನ್ನು ಕೂರಿಸಿ ತೆಗೆದರೆ ಬುಡದಿಂದ ತುದಿಯವರೆಗೂ ಅಳಿಸಿತ್ತು. ಅಕ್ಕ ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ನೋಡಿ, "ಮೊದ್ಲು ನನ್ನ ಕಣ್ಣನ್ನ ಲೇತಿಗೆ ಕಟ್ಬೇಕು" ಅಂದರು. ಆಮೇಲೆ ಇಬ್ಬರಿಗೂ ಟೀ ತರಿಸಿದರು. ಆ ಟೀಗೆ ನನಗೆ ಎಷ್ಟು ಹೆಮ್ಮೆಯಾಯಿತೆಂದು ಹೇಳಲಾರೆ. ಎಂ.ಎ. ಪದವಿ ಕೈಗೆ ಬಂದ ದಿನ ಅಷ್ಟು ಆಗಿರಲಿಲ್ಲ.

ಟೀ ಕುಡಿಯುತ್ತಾ ಶಾಫ್ಟಿನ ಮುರಿದ ಬಾಯನ್ನು ನೋಡಿದೆವು. ನಾನು ಅದು ದೊಡ್ಡ ಎಂಜಿನ್ನಿನ ಎಳೆತಕ್ಕೆ ಮುರಿಯಿತೆಂದೇ ತಿಳಿದಿದ್ದೆ. ಅರ್ಧ ಮಾತ್ರ ನಿಜ. ಮುರಿದ ಜಾಗ ಗ್ಲ್ಯಾಂಡಿನ ಒಳಗಿದೆ, ನೀರು ದೋಣಿಗೆ ಬಾರದಂತೆ ಶಾಫ್ಟಿನ ಸುತ್ತ ಹುರಿ ತುರುಕಿರುತ್ತಾರಲ್ಲ, ಅಲ್ಲಿ. ಅದರ ಹೊರಗೆ ಶಾಫ್ಟು ಕನ್ನಡಿಯ ಹಾಗಿದೆ. ಒಳಗೆ ಮಾತ್ರ ಗೆದ್ದಲು ತಿಂದಂತೆ ಗುಂಡಿ ಗುಂಡಿ. "ದೋಣಿ ತುಂಬ ದಿನ ನಿಂತಿತ್ತಾ" ಎಂದು ಅಕ್ಕ ಕೇಳಿದರು. ನಿಂತಿತ್ತು ಎಂದೆ. "ಅದೇ ಮತ್ತೆ. ಓಡ್ತಾ ಇದ್ರೆ ಒಳಗೆ ಹೊಸ ನೀರು ಬರ್ತಿರುತ್ತೆ, ಏನೂ ಆಗಲ್ಲ. ನಿಂತ್ರೆ ಅಲ್ಲಿರೋ ನೀರು ಅಲ್ಲೇ, ಗಾಳಿ ಇಲ್ಲ, ಬೆಳಕಿಲ್ಲ. ತುಕ್ಕೇ ಹಿಡಿಯಲ್ಲ ಅಂತ ಮಾರ್ತಾರಲ್ಲ, ಆ ಉಕ್ಕೂ ಅಲ್ಲಿ ಕೊಳೆಯುತ್ತೆ. ಹೊರಗಿನಿಂದ ನೋಡಿದ್ರೆ ಥಳಥಳ." ನಾನು ಟೀ ಮುಗಿಸಿದೆ. ಅವರು ಉಕ್ಕಿನ ವಿಷಯ ಹೇಳುತ್ತಿದ್ದರು.

ಆಮೇಲೆ ಅವರು ಕೇಳಿದ್ದು: "ಈಗ ಇದು ಓಡೋ ದೋಣಿಯಾ, ನಿಲ್ಲೋ ದೋಣಿಯಾ? ನಿಲ್ಲೋದಾದ್ರೆ ಬೇರೆ ಜಾತಿ ಉಕ್ಕು ತರಿಸ್ಬೇಕು, ತಡ ಆಗುತ್ತೆ. ಓಡೋದಾದ್ರೆ ಅಂಗಡೀಲಿರೋದೇ ಸಾಕು." ಓಡುವುದು ಎಂದೆ. ಯೋಚಿಸದೆ ಬಾಯಿಗೆ ಬಂತು. "ಯಜಮಾನ್ರು ಬಂದ್ರಾ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೆ ಯಾವ ಎಂಜಿನ್ನಿಗೆ ಮಾಡ್ಲಿ?" ಬರೆದು ಕೇಳುತ್ತೇನೆ ಎಂದೆ. ಅದೇ ಈಗ ಬರೆಯುತ್ತಿರುವುದು.

ಅಂದಹಾಗೆ ಎರಡರಲ್ಲಿ ಯಾವುದನ್ನು ಆರಿಸಿದರೂ ಅದು ಹಳೆಯದರ ನಕಲಾಗುವುದಿಲ್ಲ. ನಿಮ್ಮ ಎಂಜಿನ್ನಿಗಾದರೆ ದಪ್ಪ ಹೆಚ್ಚಬೇಕು, ಕೊಳವೆ, ಬೇರಿಂಗು ಎಲ್ಲ ಬದಲಾಗಬೇಕು. ಹಳೆಯ ಎಂಜಿನ್ನಿಗಾದರೆ ದಪ್ಪ ಅಷ್ಟೇ, ಉದ್ದ ಹೆಚ್ಚಬೇಕು, ಯಾಕೆಂದರೆ ನಿಮ್ಮ ಎಂಜಿನ್ ಉದ್ದವಾಯಿತೆಂದು ಶಾಫ್ಟನ್ನು ಗೇಣಿನಷ್ಟು ಕತ್ತರಿಸಿದ್ದಿರಿ. ಅದೇ ಅಳತೆಗೆ ಮಾಡಿಸು ಎಂದಿರಲ್ಲ, ಆ ಅಳತೆಗೆ ಸರಿಹೋಗುವ ದೋಣಿ ಈಗ ಯಾವುದೂ ಇಲ್ಲ.

ದೋಣಿ ತೆಗೆದವರು ಯಾರು ಎಂಬುದಕ್ಕೆ ಬರುತ್ತೇನೆ. ನಾನು. ಮಳೆಗಾಲಕ್ಕೆ ಮೊದಲೇ ಹೌದಪ್ಪನವರ ಸ್ವಂತ ದೋಣಿಯಲ್ಲಿ ನಡೆಸಲು ಕಲಿತು, ಚಾಲಕರ ಪರೀಕ್ಷೆಯನ್ನೂ ಪಾಸು ಮಾಡಿದ್ದೇನೆ. ಪರೀಕ್ಷಕರು, "ಮೇಡಂ, ನೀವು ತುಂಬ ನಿಧಾನ" ಅಂದರು; ಹಿಂದೆಯೂ ಒಬ್ಬರು ಹೇಳಿದ್ದಾರೆ ಎಂದೆ. ನಮ್ಮ ದೋಣಿಯನ್ನು ನಾನು ಎರಡು ಸಲ ನದಿಯ ನಡುವಿನವರೆಗೆ ಒಯ್ದು ತಂದೆ, ದಡಕ್ಕೆ ಹಚ್ಚುವಾಗ ಅಂಗಳದವರು ಹಗ್ಗ ಹಿಡಿದು ತಡೆದುಕೊಂಡರು. ಮೂರನೆಯ ಸಲ ಹಿಂದಿರುಗುವಾಗ ಅಡಿಯಲ್ಲಿ ಒಂದು ಗುದ್ದಿನಂಥ ಸದ್ದು ಬಂತು. ಎಂಜಿನ್ ಭಾರ ತಪ್ಪಿ ಕಿರುಚಿತು, ದೋಣಿ ನಿಂತಿತು. ಪ್ರೊಪೆಲ್ಲರ್ ಹಿಂದಕ್ಕೆ ಜಾರಿ ಚುಕ್ಕಾಣಿಗೆ ತಾಗಿ ನಿಂತದ್ದರಿಂದ ಶಾಫ್ಟು ಪೂರ್ತಿ ನದಿಗೆ ಹೋಗಲಿಲ್ಲ. ಹಲಗೆ ಎತ್ತಿ ನೋಡಿದರೆ ಗ್ಲ್ಯಾಂಡಿನಿಂದ ಹೆಬ್ಬೆರಳಿನ ಗಾತ್ರ ನೀರು ಬರುತ್ತಿತ್ತು. ಶಾಲನ್ನು ಬತ್ತಿಯಂತೆ ಹೊಸೆದು ಸ್ಕ್ರೂಡ್ರೈವರಿನ ಹಿಡಿಯಿಂದ ತುರುಕಿದೆ. ನಿಲ್ಲಲಿಲ್ಲ, ಕಡಿಮೆಯಾಯಿತು.

ದೋಣಿಯಲ್ಲಿ ಅತ್ತೆಯೂ ಇದ್ದರು. ಇದನ್ನು ಅವರು ನಿಮಗೆ ಹೇಳಲಿಲ್ಲ, ನಾನೂ ಹೇಳಕೂಡದೆಂದು ಆಣೆ ಹಾಕಿಸಿಕೊಂಡಿದ್ದಾರೆ. ಆ ದಿನ ತಾವಾಗಿಯೇ ಬಂದು ಹತ್ತಿ ಕೂತರು, ಬೇಡವೆಂದರೆ ಇಳಿಯುವವರೇ ಅವರು? ನೀರು ಬರುತ್ತಿದ್ದಾಗ ಬಣ್ಣದ ಡಬ್ಬ ಹಿಡಿದು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಾ, "ನನ್ನ ಮಗ ಇದ್ದಿದ್ರೆ ಇಷ್ಟೊತ್ತಿಗೆ ಬೈದು ಬೈದೇ ಅರ್ಧ ನೀರು ಖಾಲಿ ಮಾಡಿರೋನು" ಅಂದರು. ನನಗೆ ಅಳು ಬರುವುದರಲ್ಲಿತ್ತು, ನಗು ಬಂತು. ಹೌದಪ್ಪನವರು ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋಗುವವರೆಗೂ ಅವರ ಕೈ ನಿಲ್ಲಲಿಲ್ಲ, ಬಾಯಿಯೂ ನಿಲ್ಲಲಿಲ್ಲ. ದಡ ಹತ್ತಿದ ಮೇಲೆ ಚಪ್ಪಲಿ ಕೊಡವಿಕೊಂಡು, "ಮುಂದಿನ ಸಲ ಇದಕ್ಕಿಂತ ದೊಡ್ಡ ಡಬ್ಬ ಇಟ್ಕೊಳ್ಳೇ" ಅಂದರು. ಮುಂದಿನ ಸಲ ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಹೇಳದೆ ಮಾಡಿದ್ದಕ್ಕೆ ನಿಮಗೆ ಸಿಟ್ಟು ಬರಬಹುದು. ಒಂದು ಸೀಸನ್ನಿಗೆ ಎಂದು ಬಂದರಿನ ಟಗ್ಗಿಗೆ ಹೋದವರು ನೀವು. ಆ ಸೀಸನ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ನೀವೂ ಹೇಳಲಿಲ್ಲ. ನಾವು ಜಗಳವಾಡಿದ್ದು ಆ ಎಂಜಿನ್ನಿಗೆ ಎಂದು ಊರಿನವರು ತಿಳಿದಿದ್ದಾರೆ. ಅದಕ್ಕೇ ಇರಬಹುದು. ಹಳೆಯ ಎಂಜಿನ್ ಇದ್ದಾಗ ಆಚೆ ದಡದ ಕಾಲೇಜಿಗೆ ಹೋಗುವಷ್ಟರಲ್ಲಿ ನಾನು ಒಂದು ಪದ್ಯ ಓದಿ ಮುಗಿಸಿ, ಇನ್ನೊಮ್ಮೆ ಮೊದಲಿನಿಂದ ಓದಬಹುದಿತ್ತು. ನಿಮ್ಮದರಲ್ಲಿ ಪುಸ್ತಕ ಒದ್ದೆಯಾಗುತ್ತಿತ್ತು. ನಿಮಗೆ ದಾಟುವುದೆಂದರೆ ಆದಷ್ಟು ಬೇಗ ಮುಗಿಯಬೇಕಾದ ಕೆಲಸ, ನನಗೆ ದಿನದಲ್ಲಿ ಯಾರೂ ಏನೂ ಕೇಳದ ಹೊತ್ತು. ಇಬ್ಬರೂ ಅದನ್ನು ಹೀಗೆ ಹೇಳಲಿಲ್ಲ. ನೀವು ಬಸವನಹುಳು ಎಂದಿರಿ, ನಾನು ಪುಂಡಾಟ ಎಂದೆ.

ಇರಲಿ. ಶಾಫ್ಟಿನ ವಿಷಯಕ್ಕೆ ಎಂದು ಹೇಳಿ ಎಲ್ಲಿಗೋ ಹೋದೆ. ದಯವಿಟ್ಟು ಇಷ್ಟು ಮಾಡಿ. ಒಂದು ಎಂದಾಗಲಿ, ಒಂದೂಕಾಲು ಎಂದಾಗಲಿ ಬರೆದು ಕಳಿಸಿ. ಜೊತೆಗೆ ಬೇರೇನೂ ಬರೆಯದಿದ್ದರೂ ನಡೆಯುತ್ತದೆ. ಒಂದೂಕಾಲು ಎಂದರೆ ನೀವು ಬರುತ್ತೀರೆಂದು ಓದಿಕೊಳ್ಳುತ್ತೇನೆ. ಒಂದು ಎಂದರೆ ಅದನ್ನೂ ಓದಿಕೊಳ್ಳುತ್ತೇನೆ, ಅಷ್ಟು ಓದು ನನಗೆ ಬರುತ್ತದೆ. ಅಂಕಿಯನ್ನು ಅಕ್ಷರದಲ್ಲಿ ಬರೆಯಿರಿ. ನಿಮ್ಮ ಒಂದು ಏಳರ ಹಾಗಿರುತ್ತದೆ.

ಟಗ್ಗಿನ ಡೆಕ್ಕು ಒದ್ದೆಯಿರುತ್ತದೆ, ಆ ಸವೆದ ಬೂಟು ಬದಲಾಯಿಸಿ ಎಂದು ಅತ್ತೆ ಹೇಳಲು ಹೇಳಿದ್ದಾರೆ.

ಇಂತಿ,
ಉಗುರಿನಲ್ಲಿ ಗ್ರೀಸು ಉಳಿದಿರುವ
ನಿಮ್ಮವಳು

ಮ.ಸೂ.: ಇಂದು ಬುಧವಾರ. ಕಾಗದ ಇಷ್ಟು ದಿನ ನನ್ನ ಚೀಲದಲ್ಲೇ ಇತ್ತು. ಉತ್ತರ ಬರುವವರೆಗೆ ತಡೆಯಿರಿ ಎಂದು ಹೇಳಲು ಬೆಳಿಗ್ಗೆ ಲೇತ್ ಅಂಗಡಿಗೆ ಹೋದೆ. ಅಕ್ಕ ಎರಡೂ ಗಾತ್ರದ ಸರಳುಗಳನ್ನು ನೆಲದ ಮೇಲೆ ಮಲಗಿಸಿಟ್ಟು, ಯಾವ್ದನ್ನ ಎತ್ಲಿ ಎಂದು ಕೇಳಿದರು. ಒಂದಿಂಚಿನದು, ಉದ್ದದ್ದು ಎಂದೆ. "ಯಜಮಾನ್ರನ್ನ ಕೇಳಿದ್ರಾ?" ಕಾಗದ ಬರೆದಿದ್ದೇನೆ ಎಂದೆ. "ಉತ್ತರ ಬಂತಾ?" ಇನ್ನೂ ಅಂಚೆಗೆ ಹಾಕಿಲ್ಲ ಎಂದೆ. ಅವರು ಒಂದಿಂಚಿನ ಸರಳನ್ನು ಎತ್ತಿ ಕಟ್ಟಿ ಲೇತ್ ಚಾಲೂ ಮಾಡಿದರು.

ನೀವು ಬರುತ್ತೀರೋ ಇಲ್ಲವೋ ಎಂಬುದನ್ನು ಒಂದು ಸರಳಿನ ದಪ್ಪದಲ್ಲಿ ಕೇಳಿದ್ದು ಸರಿಯಾಗಲಿಲ್ಲ. ನೀವು ಬಂದರೂ ದೋಣಿ ಓಡಬೇಕು, ಬಾರದಿದ್ದರೂ ಓಡಬೇಕು. ಆದ್ದರಿಂದ ಮೇಲೆ ಕೇಳಿದ ಅಳತೆಗೆ ಉತ್ತರ ಬರೆಯಬೇಕಾಗಿಲ್ಲ. ಬೇಕಾಗಿಲ್ಲ ಎಂದು ಗೊತ್ತಾದ ಮೇಲೆಯೇ ಇದನ್ನು ಅಂಚೆಗೆ ಹಾಕುವ ಧೈರ್ಯ ಬಂದದ್ದು. ನಿಮ್ಮ ಎಂಜಿನ್ನಿಗೆ ಎಣ್ಣೆ ಸವರಿ, ಅದೇ ಗೋಣಿ ಹೊದಿಸಿ ಇಡುತ್ತೇನೆ.

ಬಂದರಿನ ಬಸ್ಸು ಬಂದು ನಿಲ್ಲುವುದು ಆಚೆ ದಡದಲ್ಲಿ. ಯಾವತ್ತಾದರೂ ಅದರಿಂದ ಇಳಿದರೆ ನೀರಿನ ಹತ್ತಿರ ಬಂದು ಕೈ ಎತ್ತಿ. ಬಂದು ಕರೆದುಕೊಂಡು ಬರುತ್ತೇನೆ. ನಿಧಾನವಾಗಿ, ಅಷ್ಟೇ.